ತೊಟ್ಟೋ ಕೊಂಬೆಯೋ

1965ರ ಅಕ್ಟೋಬರ್ 20. ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಪತ್ರಕರ್ತರ ಎದುರು ಕುಳಿತಿದ್ದರು. ಹನ್ನೆರಡು ದಿನಗಳ ಹಿಂದಷ್ಟೇ ಅವರ ಪಿತ್ತಕೋಶವನ್ನು ತೆಗೆದಿದ್ದರು. ಮಾತು ಆಡುತ್ತಾ ಆಡುತ್ತಾ ಅಧ್ಯಕ್ಷರು ಅಂಗಿಯನ್ನು ಮೇಲೆತ್ತಿ, ಬಲಪಕ್ಕೆಯ ಕೆಳಗಿನ ಉದ್ದನೆಯ ಗಾಯವನ್ನು ಎಲ್ಲರಿಗೂ ತೋರಿಸಿಬಿಟ್ಟರು. ಮರುದಿನದ ಪತ್ರಿಕೆಗಳಲ್ಲಿ ಆ ಚಿತ್ರ. ಸಭ್ಯರು ಮೂಗು ಮುರಿದರು. ವ್ಯಂಗ್ಯಚಿತ್ರಕಾರ ಡೇವಿಡ್ ಲೆವಿನ್ ಆ ಗಾಯವನ್ನೇ ವಿಯೆಟ್ನಾಮಿನ ಭೂಪಟವಾಗಿ ಬರೆದರು; ಆ ವ್ಯಂಗ್ಯಚಿತ್ರ ಗಾಯಕ್ಕಿಂತ ಹೆಚ್ಚು ಪ್ರಸಿದ್ಧವಾಯಿತು.

ಅಂಗಿ ಎತ್ತಿದ್ದರ ಬಗ್ಗೆ ಗದ್ದಲವಾಯಿತೇ ಹೊರತು ಗಾಯದ ಉದ್ದದ ಬಗ್ಗೆ ಯಾರೂ ಹುಬ್ಬೇರಿಸಲಿಲ್ಲ. ಪಿತ್ತಕೋಶ ತೆಗೆಯಬೇಕೆಂದರೆ ಹೊಟ್ಟೆಯನ್ನು ಗೇಣುದ್ದ ಕೊಯ್ಯಬೇಕು, ಅಷ್ಟೇ. ಸರ್ಜನ್ನರ ಕೈ ಒಳಗೆ ಹೋಗಬೇಕು, ದೀಪದ ಬೆಳಕು ಹೋಗಬೇಕು, ಸಹಾಯಕರು ಲಿವರನ್ನು ಎತ್ತಿ ಹಿಡಿಯಬೇಕು. ರೋಗಿ ವಾರಗಟ್ಟಲೆ ನರಳಬೇಕು. ಗಾಯ ದೊಡ್ಡದಿದ್ದಷ್ಟೂ ಸರ್ಜನ್ ದೊಡ್ಡವರು ಎಂಬ ನಂಬಿಕೆಯ ಕಾಲ ಅದು.

ಇಪ್ಪತ್ತನಾಲ್ಕು ವರ್ಷಗಳ ನಂತರ, 1989ರಲ್ಲಿ, ಅಮೆರಿಕದ ಲೂಯಿವಿಲ್ ನಗರದಲ್ಲಿ ಸರ್ಜನ್ನರ ಸಮ್ಮೇಳನವೊಂದು ನಡೆಯಿತು. ಫ್ರಾನ್ಸಿನ ಬೋರ್ಡೋ ನಗರದಿಂದ ಬಂದಿದ್ದ ಝಾಕ್ ಪೆರಿಸಾ ಎಂಬುವರಿಗೆ ಮುಖ್ಯ ವೇದಿಕೆ ಸಿಕ್ಕಿರಲಿಲ್ಲ. ಬದಿಯ ಒಂದು ಮಳಿಗೆಯಲ್ಲಿ ಟಿವಿ ಇಟ್ಟುಕೊಂಡು ತಮ್ಮ ವಿಡಿಯೊ ಹಾಕಿದರು. ತೆರೆಯ ಮೇಲೆ ಮನುಷ್ಯನ ಹೊಟ್ಟೆಯ ಒಳಭಾಗ. ಅದರೊಳಗೆ ಪೆನ್ಸಿಲ್ ದಪ್ಪದ ಸಲಕರಣೆಗಳು ಪಿತ್ತಕೋಶವನ್ನು ಲಿವರಿನಿಂದ ಬಿಡಿಸುತ್ತಿದ್ದವು. ಕೈ ಕಾಣುತ್ತಿಲ್ಲ, ಗಾಯ ಕಾಣುತ್ತಿಲ್ಲ. ವೇದಿಕೆಯ ಭಾಷಣಗಳನ್ನು ಬಿಟ್ಟು ಸರ್ಜನ್ನರು ಆ ಟಿವಿಯ ಮುಂದೆ ಗುಂಪುಗಟ್ಟಿದರು. ನಾಲ್ಕೇ ವರ್ಷಗಳಲ್ಲಿ ಗೇಣುದ್ದದ ಗಾಯ ಹಳೆಯ ಕಾಲದ ಸಂಗತಿಯಾಗುವುದಿತ್ತು.

ಆ ನಾಲ್ಕು ವರ್ಷಗಳಲ್ಲಿ ಆದ ಲಾಭ ಎಲ್ಲರಿಗೂ ಗೊತ್ತು. ಆದ ಹಾನಿ, ಆ ಹಾನಿಯಿಂದ ಕಲಿತ ಪಾಠ ಅಷ್ಟಾಗಿ ಗೊತ್ತಿಲ್ಲ. ಈ ಕಥೆ ಆ ಪಾಠದ್ದು.

ಕಾಯಿ, ತೊಟ್ಟು, ಕೊಂಬೆ

ನಮ್ಮ ಮಾತಿನಲ್ಲಿ ಪಿತ್ತಕ್ಕೆ ಒಳ್ಳೆಯ ಹೆಸರಿಲ್ಲ. ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರಿತು ಅನ್ನುತ್ತೇವೆ. ಆದರೆ ಲಿವರ್ ದಿನವೂ ಮುಕ್ಕಾಲು ಲೀಟರಿನಷ್ಟು ಪಿತ್ತರಸ ಮಾಡದಿದ್ದರೆ ಒಬ್ಬಟ್ಟಿನ ಮೇಲಿನ ತುಪ್ಪ ಜೀರ್ಣವಾಗುವುದಿಲ್ಲ. ಆ ರಸವನ್ನು ಊಟದ ಹೊತ್ತಿನವರೆಗೆ ಗಟ್ಟಿಮಾಡಿ ಕೂಡಿಡುವ ಚೀಲವೇ ಪಿತ್ತಕೋಶ. ಲಿವರಿನ ಅಡಿಯಲ್ಲಿ ಅಂಟಿಕೊಂಡು, ಒಂದು ಎಳೆ ಬದನೆಕಾಯಿಯಂತೆ ತೂಗುತ್ತದೆ. ಲಿವರಿನಿಂದ ಕರುಳಿಗೆ ಇಳಿಯುವ ದೊಡ್ಡ ಪಿತ್ತನಾಳವನ್ನು ಕೊಂಬೆ ಎಂದುಕೊಂಡರೆ, ಪಿತ್ತಕೋಶವನ್ನು ಅದಕ್ಕೆ ಸೇರಿಸುವ ಸಣ್ಣ ನಾಳವೇ ತೊಟ್ಟು. ಕಾಯಿಗೆ ರಕ್ತ ತರುವ ಒಂದು ಸಣ್ಣ ಅಪಧಮನಿಯೂ ತೊಟ್ಟಿನ ಪಕ್ಕದಲ್ಲೇ ಹಾದುಬರುತ್ತದೆ.

ಈ ಕಾಯಿಯೊಳಗೆ ಕಲ್ಲು ಕಟ್ಟುವುದುಂಟು. ಮದುವೆಯೂಟ ಮುಗಿಸಿ ಬಂದ ರಾತ್ರಿ ಬಲಪಕ್ಕೆಯಲ್ಲಿ ನೋವು ಹಿಂಡುತ್ತದೆ, ಬೆನ್ನಿಗೆ, ಭುಜಕ್ಕೆ ಹಬ್ಬುತ್ತದೆ. ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿದು ವರ್ಷಗಳನ್ನು ತಳ್ಳಿದವರು ಎಷ್ಟೋ ಮಂದಿ.

ಕಾಯಿ ಕೀಳುವವನಿಗೆ ಒಂದೇ ಎಚ್ಚರಿಕೆ ಬೇಕು: ತೊಟ್ಟನ್ನು ಕತ್ತರಿಸು, ಕೊಂಬೆಯನ್ನಲ್ಲ. ತೊಟ್ಟು ಹೋದರೆ ದೇಹಕ್ಕೆ ನಷ್ಟವಿಲ್ಲ. ಕೊಂಬೆ ತುಂಡಾದರೆ ಲಿವರಿನ ರಸ ಕರುಳಿಗೆ ಇಳಿಯುವ ಹಾದಿಯೇ ಮುಚ್ಚಿಹೋಗುತ್ತದೆ. ಈ ಶಸ್ತ್ರಚಿಕಿತ್ಸೆಯ ಇಡೀ ಚರಿತ್ರೆ ತಿರುಗುವುದು ಈ ಒಂದು ವ್ಯತ್ಯಾಸದ ಸುತ್ತ.

ಬರ್ಲಿನ್, 1882

ಮೊದಲು ಕಲ್ಲನ್ನಷ್ಟೇ ತೆಗೆದರು. 1867ರ ಜೂನ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಜಾನ್ ಬಾಬ್ಸ್ ಎಂಬ ವೈದ್ಯರು ಅಂಡಾಶಯದ ಗಡ್ಡೆ ಇರಬಹುದೆಂದು ಒಬ್ಬ ಹೆಂಗಸಿನ ಹೊಟ್ಟೆ ತೆರೆದರು. ಸಿಕ್ಕಿದ್ದು ಊದಿಕೊಂಡ ಪಿತ್ತಕೋಶ. ಅದನ್ನು ಕೊಯ್ದು, ಕಲ್ಲುಗಳನ್ನು ಹೊರಹಾಕಿ, ಮತ್ತೆ ಹೊಲಿದರು. ಆಕೆ ತನ್ನ ವೈದ್ಯರಿಗಿಂತ ಹೆಚ್ಚು ಕಾಲ ಬದುಕಿದರು. ಬಾಬ್ಸ್ ಮಾಡಿದ ಈ ಕೆಲಸವನ್ನು ನೆನಪಿಟ್ಟುಕೊಳ್ಳಿ. ನೂರು ವರ್ಷ ದಾಟಿದ ಮೇಲೆ ಅದು ಈ ಕಥೆಗೆ ಮರಳಿ ಬರುತ್ತದೆ.

ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯ ಕಾರ್ಲ್ ಲಾಂಗೆನ್‌ಬುಖ್ ಬೇರೆಯದೇ ದಾರಿ ಹಿಡಿದರು. ಕಲ್ಲು ತೆಗೆದರೆ ಮತ್ತೆ ಕಲ್ಲು ಕಟ್ಟುತ್ತದೆ. ಕಲ್ಲು ಕಟ್ಟುವ ಚೀಲವನ್ನೇ ತೆಗೆಯಬೇಕು ಎಂಬುದು ಅವರ ವಾದ. ಪಿತ್ತಕೋಶವಿಲ್ಲದೆ ಬದುಕಲು ಸಾಧ್ಯವೇ? ಆನೆಗೆ ಪಿತ್ತಕೋಶವಿಲ್ಲ, ಕುದುರೆಗೂ ಇಲ್ಲ. ಅವು ಚೆನ್ನಾಗಿಯೇ ಇವೆಯಲ್ಲ ಎಂದರು. ಶವಗಳ ಮೇಲೆ ಅಭ್ಯಾಸ ಮಾಡಿ, 1882ರ ಜುಲೈ 15ರಂದು, ಹದಿನಾರು ವರ್ಷಗಳಿಂದ ನೋವುಂಡಿದ್ದ 43ರ ವಯಸ್ಸಿನ ರೋಗಿಯ ಪಿತ್ತಕೋಶ ತೆಗೆದರು. ಮರುದಿನ ರೋಗಿಗೆ ಜ್ವರವಿರಲಿಲ್ಲ. ಸಿಗಾರ್ ಸೇದುತ್ತಾ ಮಲಗಿದ್ದರು. ಮುಂದಿನ ನೂರು ವರ್ಷ ಲಾಂಗೆನ್‌ಬುಖ್ ಹಾಕಿಕೊಟ್ಟ ದಾರಿಯೇ ಹೆದ್ದಾರಿಯಾಯಿತು.

ಅದೇ ಶತಮಾನದ ಕೊನೆಯ ದಶಕದಲ್ಲಿ ಫ್ರೆಂಚ್ ವೈದ್ಯ ಝಾನ್ ಫ್ರಾಂಸ್ವಾ ಕಾಲೋ ತೊಟ್ಟಿನ ಸುತ್ತಲಿನ ಪುಟ್ಟ ತ್ರಿಕೋನವನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಇಂದಿಗೂ ಅದಕ್ಕೆ ಕಾಲೋ ತ್ರಿಕೋನವೆಂದೇ ಹೆಸರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಗೆಲುವು ಸೋಲು ತೀರ್ಮಾನವಾಗುವುದು ಆ ಎರಡು ಬೆರಳಗಲದ ಜಾಗದಲ್ಲಿ.

ಕೊಂಬೆ ತುಂಡಾದಾಗ

ಅಲ್ಲಿ ಸೋತರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಸಾಕ್ಷಿ ಬ್ರಿಟನ್ನಿನ ಆಂಥೊನಿ ಈಡನ್. 1953ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಅವರ ಪಿತ್ತಕೋಶ ತೆಗೆಯುವಾಗ ಪಿತ್ತನಾಳಕ್ಕೆ ಪೆಟ್ಟಾಯಿತು. ಆಗ ಅವರು ವಿದೇಶಾಂಗ ಸಚಿವರು, ಚರ್ಚಿಲ್ ನಂತರದ ಪ್ರಧಾನಿ ಎಂದೇ ಎಲ್ಲರ ಎಣಿಕೆ. ಮತ್ತೊಮ್ಮೆ ಹೊಟ್ಟೆ ತೆರೆದರೂ ಸರಿಹೋಗಲಿಲ್ಲ. ಕೊನೆಗೆ ಜೂನ್‌ನಲ್ಲಿ ಬೋಸ್ಟನ್ನಿಗೆ ಹೋಗಿ, ರಿಚರ್ಡ್ ಕ್ಯಾಟೆಲ್ ಎಂಬ ತಜ್ಞರಿಂದ ನಾಳವನ್ನು ಕಟ್ಟಿಸಿಕೊಂಡು ಬಂದರು. ಆದರೆ ಒಮ್ಮೆ ಕಡಿದು ಜೋಡಿಸಿದ ನಾಳ ಹುಟ್ಟಿನ ನಾಳದಂತಿರುವುದಿಲ್ಲ. ಸೋಂಕು, ಚಳಿಜ್ವರ ಮತ್ತೆ ಮತ್ತೆ ಮರುಕಳಿಸಿದವು. 1956ರ ಅಕ್ಟೋಬರ್‌ನಲ್ಲಿ, ಸೂಯೆಜ್ ಕಾಲುವೆಯ ಬಿಕ್ಕಟ್ಟಿನ ನಡುವೆಯೇ, ಪ್ರಧಾನಿ ಈಡನ್ ಸುಡುಜ್ವರದಲ್ಲಿ ಆಸ್ಪತ್ರೆ ಸೇರಿದ್ದರು. ಮರುವರ್ಷದ ಜನವರಿಯಲ್ಲಿ ಅನಾರೋಗ್ಯದ ಕಾರಣ ಕೊಟ್ಟು ರಾಜೀನಾಮೆ ಇತ್ತರು. ಸೂಯೆಜ್ ಸಾಹಸಕ್ಕೂ ಆ ನಾಳಕ್ಕೂ ಎಷ್ಟು ನಂಟು ಎಂದು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಮನುಷ್ಯ ನರಳಿದ್ದರ ಬಗ್ಗೆ ಚರ್ಚೆಯಿಲ್ಲ.

ಅಂದರೆ, ಹೊಟ್ಟೆ ಅಗಲವಾಗಿ ತೆರೆದಿದ್ದಾಗಲೂ, ಕೈಬೆರಳು ನಾಳವನ್ನು ಮುಟ್ಟಿ ನೋಡಬಹುದಾಗಿದ್ದಾಗಲೂ ತೊಟ್ಟು ಕೊಂಬೆ ಅದಲುಬದಲಾಗುವುದಿತ್ತು. ಆದರೆ ಅಪರೂಪಕ್ಕೆ: ಸಾವಿರಕ್ಕೆ ಒಂದೋ ಎರಡೋ. ಆ ಒಂದೆರಡನ್ನೂ ತಪ್ಪಿಸಲು ಅರ್ಜೆಂಟೀನಾದ ಪಾಬ್ಲೊ ಮಿರಿಜ್ಜಿ 1931ರಲ್ಲೇ ಉಪಾಯ ಹುಡುಕಿದ್ದರು. ಶಸ್ತ್ರಚಿಕಿತ್ಸೆಯ ನಡುವೆಯೇ ನಾಳಕ್ಕೆ ದ್ರವ ತುಂಬಿಸಿ ಎಕ್ಸ್‌ರೇ ತೆಗೆದರೆ ಮರದ ಇಡೀ ಚಿತ್ರ ಮೂಡುತ್ತದೆ. ಯಾವುದು ತೊಟ್ಟು, ಯಾವುದು ಕೊಂಬೆ, ಕಲ್ಲು ಎಲ್ಲಿದೆ, ಎಲ್ಲ ಗೊತ್ತಾಗುತ್ತದೆ.

ಕತ್ತಲ ಕೋಣೆಗೆ ಬೆಳಕು

ಇತ್ತ ಇನ್ನೊಂದು ಗುಂಪು ಹೊಟ್ಟೆ ಕೊಯ್ಯದೆ ಒಳಗೆ ಇಣುಕುವ ಹಾದಿ ಹುಡುಕುತ್ತಿತ್ತು. 1901ರಲ್ಲಿ ಜರ್ಮನಿಯ ಗೆಯೋರ್ಗ್ ಕೆಲಿಂಗ್ ನಾಯಿಯೊಂದರ ಹೊಟ್ಟೆಗೆ ಸೋಸಿದ ಗಾಳಿ ತುಂಬಿ, ಮೂತ್ರಕೋಶ ನೋಡಲೆಂದು ಮಾಡಿದ ಕೊಳವೆಯನ್ನು ಇಳಿಸಿ ಒಳಗಿನ ಅಂಗಗಳನ್ನು ಕಂಡರು. 1910ರಲ್ಲಿ ಸ್ವೀಡನ್ನಿನ ಹಾನ್ಸ್ ಕ್ರಿಸ್ಟಿಯನ್ ಯಾಕೋಬೇಯಸ್ ಅದೇ ರೀತಿ ಮನುಷ್ಯರ ಹೊಟ್ಟೆಯನ್ನು ನೋಡಿದ ವರದಿ ಪ್ರಕಟಿಸಿದರು. ಆದರೆ ಬಹುಕಾಲ ಅದು ಇಣುಕಿ ನೋಡುವ ಕಿಂಡಿಯಾಗಿಯೇ ಉಳಿಯಿತು. ಬೆಳಕು ಸಾಲದು, ಚಿತ್ರ ಮಸುಕು. ಬ್ರಿಟಿಷ್ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಆ ಕೊರತೆ ನೀಗಿಸಿದರು. ಹಿಂದಿನ ಕೊಳವೆಯಲ್ಲಿ ಗಾಳಿಯೇ ಹೆಚ್ಚು, ನಡುನಡುವೆ ತೆಳು ಮಸೂರ. ಹಾಪ್ಕಿನ್ಸ್ ಅದನ್ನು ತಿರುವುಮುರುವು ಮಾಡಿದರು: ಉದ್ದನೆಯ ಗಾಜಿನ ಕಡ್ಡಿಗಳು, ನಡುನಡುವೆ ಗಾಳಿಯ ಸಂದು. ಬೆಳಕು ಹಲವು ಪಟ್ಟು ಹೆಚ್ಚಿತು. 1960ರ ದಶಕದಲ್ಲಿ ಜರ್ಮನಿಯ ಕಾರ್ಲ್ ಶ್ಟೋರ್ಟ್ಸ್ ಅವರ ಕಾರ್ಖಾನೆ ಅದನ್ನು ಸಲಕರಣೆಯಾಗಿಸಿತು.

ಕಿಂಡಿಯಿಂದ ನೋಡುವವರಿಗೆ ಕಿಂಡಿಯಿಂದಲೇ ಕೆಲಸ ಮಾಡುವ ಧೈರ್ಯ ಬಂದದ್ದು ಸ್ತ್ರೀರೋಗ ತಜ್ಞರಿಂದ. ಕೀಲ್ ನಗರದ ಕುರ್ಟ್ ಸೆಮ್ ಹೊಟ್ಟೆಗೆ ಹದವಾಗಿ ಅನಿಲ ತುಂಬುವ ಯಂತ್ರವನ್ನು ರೂಪಿಸಿದರು. 1980ರಲ್ಲಿ ಈ ಇಣುಕುಕೊಳವೆಯಿಂದಲೇ, ಅಂದರೆ ಲ್ಯಾಪ್ರೊಸ್ಕೋಪಿನಿಂದಲೇ, ಅಪೆಂಡಿಕ್ಸ್ ತೆಗೆದರು. ಸರ್ಜನ್ನರು ಮೆಚ್ಚುವುದಿರಲಿ, ಅವರ ವೈದ್ಯವೃತ್ತಿಯನ್ನೇ ಅಮಾನತಿನಲ್ಲಿಡಬೇಕೆಂದು ಕೂಗೆಬ್ಬಿಸಿದರು. ಆದರೆ ಒಬ್ಬರ ತಲೆಯಲ್ಲಿ ಹುಳ ಹೊಕ್ಕಿತು. ಬ್ಯೋಬ್ಲಿಂಗನ್ ಎಂಬ ಪಟ್ಟಣದ ಎರಿಕ್ ಮ್ಯೂಹೆ, ಸೆಮ್ ಅವರ ಕೆಲಸದಿಂದ ಸ್ಫೂರ್ತಿ ಪಡೆದು 'ಗ್ಯಾಲೊಸ್ಕೋಪ್' ಎಂಬ ಸಲಕರಣೆ ಮಾಡಿಸಿದರು. 1985ರ ಸೆಪ್ಟೆಂಬರ್ 12ರಂದು, ಟಿವಿ ಪರದೆಯಿಲ್ಲದೆ ಕೊಳವೆಗೆ ಕಣ್ಣಿಟ್ಟು ನೋಡುತ್ತಲೇ, ಜಗತ್ತಿನಲ್ಲಿ ಮೊದಲ ಬಾರಿಗೆ ಕಿಂಡಿಯ ಮೂಲಕ ಪಿತ್ತಕೋಶ ಹೊರತೆಗೆದರು. ಮರುವರ್ಷ ಜರ್ಮನ್ ಸರ್ಜನ್ನರ ಸಭೆಯಲ್ಲಿ ವಿವರಿಸಿದಾಗ ಸಿಕ್ಕಿದ್ದು ಗೇಲಿ: ಇದು ಮಿಕ್ಕಿಮೌಸ್ ಸರ್ಜರಿ ಎಂದರು. 1992ರಲ್ಲಿ ಅದೇ ಸಂಘ ಅವರನ್ನು ಸನ್ಮಾನಿಸಿತು.

1987ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಫಿಲಿಪ್ ಮುರೆ, ಮರುವರ್ಷ ಪ್ಯಾರಿಸಿನಲ್ಲಿ ಫ್ರಾಂಸ್ವಾ ದ್ಯುಬುವಾ ಇದನ್ನೇ ಮಾಡಿದರು. ಆ ಹೊತ್ತಿಗೆ ಚಿಕ್ಕ ವಿಡಿಯೊ ಕ್ಯಾಮೆರಾಗಳು ಬಂದಿದ್ದವು. ಒಬ್ಬರ ಕಣ್ಣಿಗಷ್ಟೇ ಕಾಣುತ್ತಿದ್ದ ದೃಶ್ಯ ಪರದೆಯ ಮೇಲೆ ಬಂತು; ಸಹಾಯಕರೂ ಕಂಡರು, ಕಲಿಯುವವರೂ ಕಂಡರು. ಲೂಯಿವಿಲ್‌ನ ಆ ಟಿವಿಯ ಹಿಂದೆ ಇಷ್ಟು ಜನರ ಬೆವರಿತ್ತು.

ಹಂದಿಯ ಮೇಲೆ ಎರಡು ದಿನ

ಆಮೇಲೆ ನೂಕುನುಗ್ಗಲು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಎಡ್ಡಿ ರೆಡಿಕ್ ಮತ್ತು ಡಗ್ಲಸ್ ಓಲ್ಸೆನ್ ತರಬೇತಿ ಶುರುಮಾಡಿದರೆ ದೇಶದ ಮೂಲೆಮೂಲೆಯಿಂದ ಸರ್ಜನ್ನರು ಬಂದರು. ಹಲವು ಊರುಗಳಲ್ಲಿ ವಾರಾಂತ್ಯದ ಕೋರ್ಸುಗಳು ಹುಟ್ಟಿಕೊಂಡವು: ಒಂದಿಷ್ಟು ಭಾಷಣ, ಹಂದಿಗಳ ಮೇಲೆ ಅಭ್ಯಾಸ, ಕೈಗೊಂದು ಪ್ರಮಾಣಪತ್ರ. ಹಳೆಯ ವಿಧಾನದೊಂದಿಗೆ ಹೊಸದನ್ನು ಹೋಲಿಸಿ ನೋಡುವ ದೊಡ್ಡ ಅಧ್ಯಯನ ನಡೆಯುವ ಮೊದಲೇ ರೋಗಿಗಳು ತೀರ್ಪು ಕೊಟ್ಟಾಗಿತ್ತು. ಮೂರು ನಾಲ್ಕು ಸಣ್ಣ ರಂಧ್ರ, ಮರುದಿನ ಮನೆಗೆ, ವಾರದೊಳಗೆ ಕೆಲಸಕ್ಕೆ. ಹೀಗಿರುವಾಗ ಗೇಣುದ್ದ ಕೊಯ್ಸಿಕೊಳ್ಳಲು ಯಾರು ಒಪ್ಪುತ್ತಾರೆ? ಕಿಂಡಿಯ ವಿದ್ಯೆ ಬಾರದ ಸರ್ಜನ್ನರ ಬಳಿ ರೋಗಿಗಳೇ ಸುಳಿಯಲಿಲ್ಲ. ಇಪ್ಪತ್ತು ವರ್ಷ ಹಳೆಯ ವಿಧಾನದಲ್ಲಿ ಪಳಗಿದ್ದವರೂ ಒಂದೇ ವಾರಾಂತ್ಯದಲ್ಲಿ ಮತ್ತೆ ಒಂದನೇ ತರಗತಿಗೆ ಕುಳಿತಂತಾಯಿತು.

ಲೆಕ್ಕ ಬರತೊಡಗಿತು. 1991ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಸರ್ಜನ್ನರ ಗುಂಪೊಂದು 1,518 ರೋಗಿಗಳ ವಿವರ ಪ್ರಕಟಿಸಿತು. ಪಿತ್ತನಾಳಕ್ಕೆ ಪೆಟ್ಟಾದವರು ಏಳು ಮಂದಿ. ಸಾವಿರಕ್ಕೆ ಸುಮಾರು ಐದು. ಅದರಲ್ಲೂ ಒಂದು ಅಂಕಿ ಕಣ್ಣಿಗೆ ಹೊಡೆಯುವಂತಿತ್ತು. ಪ್ರತಿ ಸರ್ಜನ್ ಮಾಡಿದ ಮೊದಲ ಹದಿಮೂರು ರೋಗಿಗಳಲ್ಲಿ ನೂರಕ್ಕೆ 2.2ರಷ್ಟು ಪೆಟ್ಟು, ಆಮೇಲಿನವರಲ್ಲಿ 0.1 ಮಾತ್ರ. ಸರ್ಜನ್ ಕಲಿಯುವ ಕಾಲದ ಶುಲ್ಕವನ್ನು ರೋಗಿ ಕಟ್ಟುತ್ತಿದ್ದ.

1992ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟು, ಹಿರಿಯರ ಕಣ್ಗಾವಲಿನಲ್ಲಿ ಸಾಕಷ್ಟು ಕಲಿತವರಷ್ಟೇ ಸ್ವತಂತ್ರವಾಗಿ ಮಾಡಬೇಕೆಂದಿತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಬಹುಪಾಲು ರೋಗಿಗಳಿಗೆ ಈ ವಿಧಾನ ಸುರಕ್ಷಿತ ಎಂದು ಒಪ್ಪಿಗೆ ಕೊಟ್ಟಿತು. ಹಿಂದಕ್ಕೆ ಹೋಗುವ ಮಾತು ಉಳಿಯಲಿಲ್ಲ. ಮುಂದೆ ಹೋಗುವಾಗ ಎಡವದಿರುವುದು ಹೇಗೆ ಎಂಬುದೊಂದೇ ಪ್ರಶ್ನೆ.

ಕಣ್ಣು ಹೇಳಿದ ಸುಳ್ಳು

ಮೊದಮೊದಲು ಕೈಯನ್ನು ದೂರಿದರು. ಅನುಭವ ಸಾಲದು, ಕೈ ಪಳಗಿಲ್ಲ ಎಂದರು. ಆದರೆ ಪೆಟ್ಟುಬಿದ್ದ ರೋಗಿಗಳ ವಿಡಿಯೊ, ವರದಿಗಳನ್ನು ಬಿಡಿಸಿ ನೋಡಿದಾಗ ಬೇರೆಯದೇ ಚಿತ್ರ ಕಂಡಿತು. ಸ್ಯಾನ್ ಫ್ರಾನ್ಸಿಸ್ಕೊದ ಲಾರೆನ್ಸ್ ವೇ ಮತ್ತು ಸಂಗಡಿಗರು ಇಂಥ 252 ಪ್ರಕರಣಗಳನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ನೂರಕ್ಕೆ 97 ಪ್ರಕರಣಗಳಲ್ಲಿ ಮೂಲದೋಷ ಕಣ್ಣಿನ ಭ್ರಮೆ. ಕೈಯ ಕೌಶಲದ ದೋಷ 3 ಮಾತ್ರ. ಸರ್ಜನ್ ಕೊಂಬೆಯನ್ನು ನೋಡಿ ತೊಟ್ಟು ಎಂದು ಪೂರ್ತಿ ನಂಬಿದ್ದರು. ನಂಬಿಕೆ ಎಷ್ಟು ಗಟ್ಟಿ ಎಂದರೆ, ಆಮೇಲೆ ಕಂಡ ಅಸಂಗತಗಳೆಲ್ಲ, ಉದಾಹರಣೆಗೆ ಇಲ್ಲಿರಬಾರದಿದ್ದ ಇನ್ನೊಂದು ನಾಳ, ಅನಿರೀಕ್ಷಿತ ರಕ್ತನಾಳ, ಅವರ ಮನಸ್ಸಿನಲ್ಲಿ ಅನುಮಾನ ಹುಟ್ಟಿಸಲಿಲ್ಲ. ಈ ರೋಗಿಯ ಶರೀರರಚನೆಯೇ ವಿಚಿತ್ರ ಅಂದುಕೊಂಡು ಮುಂದುವರಿದಿದ್ದರು.

ಭ್ರಮೆ ಹುಟ್ಟುವ ಬಗೆ ತೋಟಕ್ಕೆ ಹೋದವರಿಗೆ ತಟ್ಟನೆ ತಿಳಿಯುತ್ತದೆ. ಕಾಯಿಯನ್ನು ಜೋರಾಗಿ ಎಳೆದರೆ ತೊಟ್ಟಿನ ಜೊತೆಗೆ ಎಳೆಯ ಕೊಂಬೆಯೂ ಬಾಗಿ ಬರುತ್ತದೆ. ಎರಡೂ ಒಂದೇ ಗೆರೆಯಾಗಿ ಕಾಣುತ್ತವೆ. ಪಿತ್ತಕೋಶದ ಕತ್ತನ್ನು ಮೇಲಕ್ಕೆ ಎಳೆದಾಗ ದೊಡ್ಡ ಪಿತ್ತನಾಳವೂ ಹೀಗೆಯೇ ಎದ್ದುಬಂದು ತೊಟ್ಟಿನ ಸಾಲಿನಲ್ಲಿ ನಿಲ್ಲುತ್ತದೆ. ಪರದೆಯ ಚಿತ್ರಕ್ಕೆ ಉದ್ದಗಲವುಂಟು, ಆಳವಿಲ್ಲ. ಬೆರಳಿಗೆ ಸ್ಪರ್ಶವಿಲ್ಲ. ಉರಿಯೂತದಿಂದ ಎಲ್ಲವೂ ಊದಿ, ಒಂದಕ್ಕೊಂದು ಅಂಟಿಕೊಂಡಿದ್ದರೆ ನಿಜವಾದ ತೊಟ್ಟು ಮರೆಯಾಗಿ, ಕೊಂಬೆಯೇ ಪಿತ್ತಕೋಶದ ಆಲಿಕೆಯಿಂದ, ಅಂದರೆ ಕತ್ತಿನ ಕಡೆ ಕಿರಿದಾಗುವ ಭಾಗದಿಂದ, ಹೊರಟಂತೆ ಕಾಣುತ್ತದೆ. ಅನೇಕ ಸರ್ಜನ್ನರು ಕಲಿತಿದ್ದದ್ದೇ ಆಲಿಕೆಯ ಜಾಡು ಹಿಡಿದು ತೊಟ್ಟನ್ನು ಗುರುತಿಸುವುದು. ಅಂದರೆ ಕಠಿಣವಾದ ಪಿತ್ತಕೋಶದಲ್ಲಿ ವಿಧಾನವೇ ಅವರನ್ನು ತಪ್ಪುದಾರಿಗೆ ಕರೆದೊಯ್ಯುತ್ತಿತ್ತು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಗಾದೆ ಎಂದೋ ಹೇಳಿಟ್ಟಿದೆ. ಶಸ್ತ್ರಚಿಕಿತ್ಸೆಯ ಜಗತ್ತಿಗೆ ಅದನ್ನು ನಿಯಮವಾಗಿ ಬರೆದುಕೊಟ್ಟವರು ಅಮೆರಿಕದ ಸೇಂಟ್ ಲೂಯಿಸ್ ನಗರದ ಸ್ಟೀವನ್ ಸ್ಟ್ರಾಸ್‌ಬರ್ಗ್.

ಎರಡೇ ಎಳೆ

1995ರಲ್ಲಿ ಸ್ಟ್ರಾಸ್‌ಬರ್ಗ್ ಮತ್ತು ಸಹೋದ್ಯೋಗಿಗಳು 'ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ' ಎಂಬ ಹೆಸರಿನಲ್ಲಿ ಮುಂದಿಟ್ಟ ನಿಯಮ ಮೂರೇ ಸಾಲಿನದು. ಒಂದು, ಕಾಲೋ ತ್ರಿಕೋನದ ಕೊಬ್ಬನ್ನೂ ನಾರನ್ನೂ ಪೂರ್ತಿ ಬಿಡಿಸಿ ಶುಚಿಮಾಡು. ಎರಡು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗವನ್ನು ಲಿವರಿನಿಂದ ಬೇರ್ಪಡಿಸು, ಹಿಂದಿನ ಹಾಸು ಕಾಣಲಿ. ಮೂರು, ಪಿತ್ತಕೋಶಕ್ಕೆ ಸೇರುವ ಎಳೆಗಳು ಎರಡು, ಎರಡೇ ಎರಡು, ಕಾಣಬೇಕು: ತೊಟ್ಟು ಮತ್ತು ಅಪಧಮನಿ. ಮೂರೂ ಆಗುವವರೆಗೆ ಕ್ಲಿಪ್ ಹಾಕಬೇಡ, ಏನನ್ನೂ ಕತ್ತರಿಸಬೇಡ.

ಇದರ ಜಾಣತನ ಎಲ್ಲಿದೆ ಎಂದರೆ, ಕೊಂಬೆಯನ್ನು ಹುಡುಕಿ ಗುರುತಿಸು ಎಂದು ಅದು ಹೇಳುವುದಿಲ್ಲ. ಹುಡುಕಲು ಹೋದರೆ ಅಲ್ಲೇ ಪೆಟ್ಟಾಗುವ ಭಯ. ಕಾಯಿಗೆ ಅಂಟಿಕೊಂಡೇ ಕೆಲಸ ಮಾಡು. ಕಾಯಿ ಎರಡು ಎಳೆಗಳಲ್ಲಷ್ಟೇ ತೂಗಾಡುವಂತೆ ಬಿಡಿಸು. ಆಗ ಆ ಎಳೆಗಳು ಬೇರೇನೂ ಆಗಿರಲು ಸಾಧ್ಯವೇ ಇಲ್ಲ. ಹಳೆಯ ತೆರೆದ ಶಸ್ತ್ರಚಿಕಿತ್ಸೆಯಲ್ಲೂ ಎಚ್ಚರದ ಸರ್ಜನ್ನರು ಪಿತ್ತಕೋಶವನ್ನು ಮೇಲಿನಿಂದ ಬಿಡಿಸುತ್ತಾ ಬಂದು ಕೊನೆಗೆ ತೊಟ್ಟನ್ನು ಕತ್ತರಿಸುತ್ತಿದ್ದರು. ಹೊಸ ಅವಸರದಲ್ಲಿ ಕಳೆದುಹೋಗಿದ್ದ ಆ ಹಳೆಯ ಶಿಸ್ತನ್ನು ಸ್ಟ್ರಾಸ್‌ಬರ್ಗ್ ಕಿಂಡಿಯೊಳಕ್ಕೆ ತಂದರು.

ಇನ್ನೊಂದು ಗುರುತೂ ನೆರವಿಗೆ ಬಂತು. 1924ರಲ್ಲಿ ಫ್ರೆಂಚ್ ಅಂಗರಚನಾ ತಜ್ಞ ಆನ್ರಿ ರೂವಿಯೆ, ಲಿವರಿನ ಬಲಭಾಗದ ಅಡಿಯಲ್ಲಿ ಒಂದು ಸಣ್ಣ ಸೀಳನ್ನು ವಿವರಿಸಿದ್ದರು. ಬಹುಪಾಲು ಜನರಲ್ಲಿ ಅದು ಎದ್ದು ಕಾಣುತ್ತದೆ. ದೊಡ್ಡ ಪಿತ್ತನಾಳ ಅದರ ಮಟ್ಟಕ್ಕಿಂತ ಕೆಳಗಿರುತ್ತದೆ. ತೆರೆದ ಹೊಟ್ಟೆಯ ಕಾಲದಲ್ಲಿ ಯಾರೂ ಗಮನಿಸದ ಆ ಸೀಳು ಕ್ಯಾಮೆರಾದ ಕಾಲದಲ್ಲಿ ಲಕ್ಷ್ಮಣರೇಖೆಯಾಯಿತು. ಸೀಳಿನ ನೇರಕ್ಕೆ ಒಂದು ಗೆರೆ ಎಳೆದುಕೊಂಡು, ಗೆರೆಯ ಮೇಲ್ಬದಿಯಲ್ಲೇ ಕೆಲಸ ಮಾಡು, ಕೆಳಗಿಳಿಯಬೇಡ ಎಂಬುದು ಇಂದು ಕಲಿಯುವವರಿಗೆ ಹೇಳುವ ಮೊದಲ ಮಾತುಗಳಲ್ಲೊಂದು.

ಮುಂಬಯಿ, ಕೊಯಮತ್ತೂರು

ಭಾರತಕ್ಕೆ ಕಿಂಡಿಯ ವಿದ್ಯೆ ತಂದವರಲ್ಲಿ ಮೊದಲ ಹೆಸರು ಮುಂಬಯಿಯ ತೆಹೆಮ್‌ಟನ್ ಉದ್ವಾಡಿಯಾ ಅವರದು. 1970ರ ದಶಕದ ಆರಂಭದಿಂದಲೇ ಅವರು ರೋಗ ಪತ್ತೆಗೆ ಲ್ಯಾಪ್ರೊಸ್ಕೋಪ್ ಬಳಸುತ್ತಿದ್ದರು. ಸ್ಕ್ಯಾನಿಂಗ್ ಯಂತ್ರಗಳಿಲ್ಲದ ಬಡ ದೇಶಕ್ಕೆ ಹೊಟ್ಟೆಯೊಳಗೆ ಇಣುಕುವ ಕೊಳವೆ ಐಷಾರಾಮವಲ್ಲ, ಅದೇ ಅಗ್ಗದ ದಾರಿ ಎಂಬುದು ಅವರ ನಿಲುವು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ, ದೇಶದಲ್ಲೇ ಮೊದಲ ಬಾರಿಗೆ, ಕಿಂಡಿಯ ಮೂಲಕ ಪಿತ್ತಕೋಶ ತೆಗೆದರು.

ಕರ್ನಾಟಕದ ಹಳ್ಳಿಗಳಿಗೆ ಆ ಹೊತ್ತಿಗೆ ಲ್ಯಾಪ್ರೊಸ್ಕೋಪಿ ಎಂಬ ಶಬ್ದ ಹೊಸದೇನಲ್ಲ. 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಯುತ್ತಿದ್ದ ಕುಟುಂಬ ಯೋಜನೆಯ ಶಿಬಿರಗಳಿಂದ ಆ ಹೆಸರು ಮನೆಮಾತಾಗಿತ್ತು. ಸಂತಾನಹರಣದ ಕೊಳವೆ ಎಂದುಕೊಂಡಿದ್ದವರಿಗೆ ಅದೇ ಕಿಂಡಿಯಿಂದ ಪಿತ್ತಕೋಶವನ್ನೂ ತೆಗೆಯುತ್ತಾರೆ ಎಂಬುದು 90ರ ದಶಕದ ಸುದ್ದಿಯಾಯಿತು.

ಆದರೆ ನಮ್ಮ ದೇಶದ ರೋಗಿಗಳಲ್ಲಿ ಹಲವರು ಬರುವುದು ತಡವಾಗಿ. ವರ್ಷಗಟ್ಟಲೆ ಕಲ್ಲು ಹೊತ್ತು, ಹಲವು ಸಲ ಉರಿಯೂತವಾಗಿ, ಪಿತ್ತಕೋಶ ಮುದುಡಿ ಲಿವರಿಗೆ ಬೆಸೆದುಹೋದ ಮೇಲೆ. ಕೆಲವರಲ್ಲಿ ಕಲ್ಲು ಕತ್ತಿನಲ್ಲಿ ಸಿಕ್ಕಿ ದೊಡ್ಡ ನಾಳವನ್ನೇ ಒತ್ತುತ್ತಿರುತ್ತದೆ; ಆ ಸ್ಥಿತಿಗೆ ಮಿರಿಜ್ಜಿಯವರದೇ ಹೆಸರು. ಇನ್ನು ಕೆಲವರಲ್ಲಿ ಲಿವರ್ ಸಿರೋಸಿಸ್‌ನಿಂದ ಗಟ್ಟಿಯಾಗಿ, ಮುಟ್ಟಿದರೆ ರಕ್ತ. ಇಂಥಲ್ಲಿ ತ್ರಿಕೋನವನ್ನು ಬಿಡಿಸುವುದು ಒಣಗಿದ ಸಿಮೆಂಟನ್ನು ಕೆರೆದಂತೆ. ಎರಡು ಎಳೆ ಕಾಣುವವರೆಗೆ ಕತ್ತರಿಸಬೇಡ ಅಂದರು ಸರಿ; ಕಾಣಲೇ ಇಲ್ಲವಾದರೆ?

ಉತ್ತರ ಮೊದಲು ಕಂಡದ್ದು ತೆರೆದ ಹೊಟ್ಟೆಯಲ್ಲೇ. ಮ್ಯೂಹೆ ಗ್ಯಾಲೊಸ್ಕೋಪ್ ಹಿಡಿದ 1985ರಲ್ಲೇ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಬಾರ್ನ್‌ಮನ್ ಮತ್ತು ಟೆರ್‌ಬ್ಲಾಂಶ್, ಕಠಿಣ ಪಿತ್ತಕೋಶವನ್ನು ಪೂರ್ತಿ ತೆಗೆಯುವ ಹಟ ಬಿಡಿ ಎಂದು ಬರೆದಿದ್ದರು. ತೊಟ್ಟಿನ ಬಳಿಗೆ ಹೋಗಲೇಬೇಡಿ. ಕಾಯಿಯ ಬಹುಭಾಗ ಕೊಯ್ದು, ಕಲ್ಲು ತೆಗೆದು, ಬುಡದ ಸ್ವಲ್ಪ ಭಾಗವನ್ನು ಅಲ್ಲೇ ಬಿಡಿ. ಕೊಂಬೆ ಉಳಿಯುತ್ತದೆ, ರೋಗಿ ಉಳಿಯುತ್ತಾನೆ. ಕೊಯಮತ್ತೂರಿನ ಸಿ. ಪಳನಿವೇಲು ಮತ್ತು ಸಂಗಡಿಗರು ಸಿರೋಸಿಸ್ ರೋಗಿಗಳಲ್ಲಿ ಇದನ್ನೇ ಲ್ಯಾಪ್ರೊಸ್ಕೋಪಿನಿಂದ ಮಾಡಿ, ಎಲ್ಲಿ ಎಷ್ಟು ಬಿಡಬೇಕೆಂಬ ಬಗೆಗಳನ್ನು ವಿಂಗಡಿಸಿ, 2006ರಲ್ಲಿ ಪ್ರಕಟಿಸಿದರು.

ಹಿಂದೆ ಸರಿಯುವ ಗೌರವ

ಮೊದಲೆಲ್ಲ ಕಿಂಡಿಯಲ್ಲಿ ಕಷ್ಟವಾದರೆ ಹೊಟ್ಟೆ ತೆರೆಯುವುದೇ ಸುರಕ್ಷಿತ ದಾರಿ ಎನ್ನುತ್ತಿದ್ದರು. ಇಂದೂ ಅದು ತಪ್ಪಲ್ಲ. ಆದರೆ ಕಾಲ ಒಂದು ತಮಾಷೆ ಮಾಡಿತು. ಹೊಸ ಪೀಳಿಗೆಯ ಸರ್ಜನ್ನರು ಕಿಂಡಿಯಲ್ಲೇ ಕಲಿತವರು. ತೆರೆದ ಪಿತ್ತಕೋಶದ ಅನುಭವ ಅವರಿಗೆ ಕಡಿಮೆ. ತೆರೆದಾಗ ಸಿಗುವುದು ಅತಿ ಕಷ್ಟದ ರೋಗಿಯೇ. ಹೊಟ್ಟೆ ತೆರೆದ ಮಾತ್ರಕ್ಕೆ ಕಾಲೋ ತ್ರಿಕೋನ ಕರಗುವುದೂ ಇಲ್ಲ. ಆದ್ದರಿಂದ ಬುಡ ಬಿಟ್ಟು ತೆಗೆಯುವ ವಿಧಾನಕ್ಕೆ ಬೆಲೆ ಬಂತು. 2016ರಲ್ಲಿ ಸ್ಟ್ರಾಸ್‌ಬರ್ಗ್ ಅದರಲ್ಲಿ ಎರಡು ಬಗೆ ಗುರುತಿಸಿದರು. ಉಳಿದ ಬುಡವನ್ನು ತೆರೆದೇ ಬಿಟ್ಟರೆ ಕೆಲದಿನ ಪಿತ್ತ ಸೋರಬಹುದು, ಕೊಳವೆ ಇಟ್ಟಿರಬೇಕು. ಹೊಲಿದು ಮುಚ್ಚಿದರೆ ಸೋರಿಕೆ ಕಡಿಮೆ, ಆದರೆ ಆ ಪುಟ್ಟ ಚೀಲದಲ್ಲಿ ಮುಂದೊಂದು ದಿನ ಮತ್ತೆ ಕಲ್ಲು ಕಟ್ಟಬಹುದು. ಎರಡರಲ್ಲೂ ತೊಂದರೆಯುಂಟು. ಆದರೆ ಈಡನ್ ಅನುಭವಿಸಿದಂಥ ತೊಂದರೆಯಲ್ಲ.

ಜಪಾನಿನ ಮುಂದಾಳತ್ವದಲ್ಲಿ 2007ರಲ್ಲಿ ಹುಟ್ಟಿ, 2013 ಮತ್ತು 2018ರಲ್ಲಿ ಪರಿಷ್ಕಾರಗೊಂಡ ಟೋಕಿಯೊ ಮಾರ್ಗಸೂಚಿಗಳು ಇಂಥ ಹಿಂದೆ ಸರಿಯುವ ದಾರಿಗಳನ್ನು ಹೆಸರಿಟ್ಟು ಪಟ್ಟಿ ಮಾಡಿದವು. ಬುಡ ಬಿಟ್ಟು ತೆಗೆಯುವುದು, ಮೇಲಿನಿಂದ ಬಿಡಿಸುತ್ತಾ ಬರುವುದು, ಹೊಟ್ಟೆ ತೆರೆಯುವುದು. ರೋಗಿಯ ಸ್ಥಿತಿ ತೀರಾ ಹದಗೆಟ್ಟಿದ್ದರೆ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಿ, ಚರ್ಮದ ಮೂಲಕ ಪಿತ್ತಕೋಶಕ್ಕೆ ಕೊಳವೆ ಇಳಿಸಿ ಕೀವು ಬಸಿಯುವುದು. ಚೀಲವನ್ನು ಬಿಟ್ಟು ಒಳಗಿನದನ್ನಷ್ಟೇ ಹೊರಹಾಕಿದ ಬಾಬ್ಸ್ ನೆನಪಾದರೇ? 1867ರಲ್ಲಿ ಬೇರೆ ದಾರಿ ತೋಚದೆ ಮಾಡಿದ್ದು ಇಂದು ಯೋಚಿಸಿ ಆರಿಸಿಕೊಳ್ಳುವ ದಾರಿಗಳಲ್ಲಿ ಒಂದು.

ಹೊಸ ಸಲಕರಣೆಗಳೂ ಬಂದಿವೆ. ಜಪಾನಿನ ವೈದ್ಯರು ಬಳಕೆಗೆ ತಂದ ಹಸಿರು ಬಣ್ಣದ ಚುಚ್ಚುಮದ್ದು ಲಿವರಿನಿಂದ ಪಿತ್ತರಸಕ್ಕೆ ಸೇರಿ, ವಿಶೇಷ ಕ್ಯಾಮೆರಾದಲ್ಲಿ ನಾಳಗಳನ್ನು ಮಿನುಗಿಸುತ್ತದೆ. ಆದರೆ ಊದಿದ ದಪ್ಪ ಮಾಂಸದ ಹಿಂದೆ ಆ ಮಿನುಗೂ ಮಂಕಾಗುತ್ತದೆ. ಕೊನೆಗೂ ನಿಲ್ಲುವುದು ಮನುಷ್ಯನ ನಿರ್ಧಾರವೇ: ಕ್ಲಿಪ್ ಹಾಕುವ ಮೊದಲು ಒಂದು ಕ್ಷಣ ಕೈ ನಿಲ್ಲಿಸುವುದು, ಅನುಮಾನವಿದ್ದರೆ ಪಕ್ಕದ ಕೋಣೆಯ ಇನ್ನೊಬ್ಬ ಸರ್ಜನ್ನರನ್ನು ಕರೆದು ನಿಮಗೇನು ಕಾಣುತ್ತದೆ ಎಂದು ಕೇಳುವುದು. ಭ್ರಮೆಗೆ ಸಿಕ್ಕಿದ ಕಣ್ಣು ತನ್ನನ್ನು ತಾನೇ ತಿದ್ದಿಕೊಳ್ಳಲಾರದು. ಆಗಷ್ಟೇ ಒಳಬಂದ ಕಣ್ಣು ತಿದ್ದಬಲ್ಲದು. ಒಂದು ಕಾಲದಲ್ಲಿ ಇನ್ನೊಬ್ಬರನ್ನು ಕರೆಯುವುದು ಸೋಲೆನಿಸುತ್ತಿತ್ತು. ಈಗ ಅದನ್ನು ಪಾಠವಾಗಿ ಕಲಿಸುತ್ತಾರೆ.

ಇನ್ನೊಂದು ರೂಢಿಯೂ ಹಲವೆಡೆ ಬೆಳೆದಿದೆ. ಎರಡು ಎಳೆ ಬಿಡಿಸಿಕೊಂಡ ಮೇಲೆ, ಕತ್ತರಿ ಮುಟ್ಟುವ ಮುನ್ನ, ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೊ ತೆಗೆದು ರೋಗಿಯ ಕಡತಕ್ಕೆ ಸೇರಿಸುತ್ತಾರೆ. ಜಾನ್ಸನ್ ಅಂಗಿ ಎತ್ತಿ ತೋರಿಸಿದ್ದು ಕತ್ತರಿಸಿ ಮುಗಿದ ಮೇಲಿನ ಚಿತ್ರ. ಇದು ಇನ್ನೂ ಏನನ್ನೂ ಕತ್ತರಿಸದ ಗಳಿಗೆಯ ಚಿತ್ರ. ಕಾಯಿ ಎರಡು ಎಳೆಗಳಲ್ಲಿ ತೂಗುತ್ತಿದೆ. ಆ ಎಳೆಗಳ ನಡುವಿನ ಕಿಂಡಿಯಲ್ಲಿ ಲಿವರ್ ಕಾಣುತ್ತಿದೆ. ಕೊಂಬೆ ಎಲ್ಲೂ ಕಾಣುತ್ತಿಲ್ಲ. ಕಾಣಬೇಕಾಗಿಯೂ ಇಲ್ಲ.